ಹಿತ್ತಲನ್ನು ಯಾರು ಬರೆಯಬೇಕು?

ಕಳೆದ ದಸರಾ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಒಂಬತ್ತು ವರ್ಷದ ಹುಡುಗಿ. ನಾವು ಮಾಡುತ್ತಿರುವ ಗೇಮ್‌ನ ಮೊದಲ ಊರು ಆಗಷ್ಟೇ ಓಡಾಡುವ ಮಟ್ಟಕ್ಕೆ ಬಂದಿತ್ತು. ಲ್ಯಾಪ್‌ಟಾಪ್ ಅವಳ ಮುಂದಿಟ್ಟು, ಕೈಗೆ ಕಂಟ್ರೋಲರ್ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತೆ. ಏನೂ ಹೇಳಿಕೊಡಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ತೆರೆಯ ಮೇಲೆ ಮಲೆನಾಡಿನ ಒಂದು ಒಂಟಿ ಮನೆ. ಹೆಂಚಿನ ಮಾಡು, ಅಂಗಳ, ತುಳಸಿಕಟ್ಟೆ, ಜಗಲಿಯ ಮೇಲೆ ಕಾಲು ಚಾಚಿ ಕೂತ ಅಜ್ಜಿ. ಅಜ್ಜಿಯ ತಲೆಯ ಮೇಲೆ ಒಂದು ಹಳದಿ ಗುರುತು. ಅಲ್ಲಿಗೆ ಹೋಗಿ ಕಾಗದ ಕೊಟ್ಟರೆ ಕಥೆ ಶುರುವಾಗುತ್ತದೆ. ಹುಡುಗಿ ಅಜ್ಜಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಆಟದ ನಾಯಕ ಅಂಚೆಯಣ್ಣನನ್ನು ಎಡಕ್ಕೆ ತಿರುಗಿಸಿ, ಗೋಡೆಯ ಪಕ್ಕದಲ್ಲೇ ನಡೆಸುತ್ತಾ ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ಏನೂ ಇರಲಿಲ್ಲ. ನಾಲ್ಕು ಹೆಜ್ಜೆಗೆ ನೆಲ ಮುಗಿದು, ಆಚೆ ಬರೀ ಬೂದು ಬಣ್ಣ. ಹಿಂದಿನ ಗೋಡೆಯನ್ನೇ ನಾನು ಮಾಡಿರಲಿಲ್ಲ. 3ಡಿ ಮಾಡೆಲ್‌ನ ಗೋಡೆಗೆ ಸಾಮಾನ್ಯವಾಗಿ ಒಂದೇ ಮುಖ. ಅದನ್ನು ಹಿಂದಿನಿಂದ ನೋಡಿದರೆ ಎಂಜಿನ್, ಅಂದರೆ ಆಟವನ್ನು ತೆರೆಯ ಮೇಲೆ ನಡೆಸುವ ಸಾಫ್ಟ್‌ವೇರ್, ತೋರಿಸುವುದೇ ಇಲ್ಲ. ಹಾಗಾಗಿ ಮನೆಯ ಮುಂಗೋಡೆಯೂ ಮಾಯವಾಗಿ, ಜಗಲಿಯಲ್ಲಿ ಕೂತ ಅಜ್ಜಿಯ ಬೆನ್ನು, ಅದರಾಚೆ ತುಳಸಿಕಟ್ಟೆ, ಎಲ್ಲ ಒಟ್ಟಿಗೆ ಕಾಣುತ್ತಿತ್ತು.

"ಮಾಮ, ಹಿತ್ತಲು ಎಲ್ಲಿ?" ಅಂದಳು.

"ಇನ್ನೂ ಮಾಡಿಲ್ಲ ಪುಟ್ಟಿ."

"ಮತ್ತೆ ಅಜ್ಜಿ ಸ್ನಾನ ಎಲ್ಲಿ ಮಾಡ್ತಾಳೆ? ಬಟ್ಟೆ ಎಲ್ಲಿ ಒಣಗಿಸ್ತಾಳೆ?"

ಹಳ್ಳಿಮನೆಯಲ್ಲಿ ರಜೆ ಕಳೆದ ಮಗು ಅದು. ಮನೆ ಅಂದರೆ ಮುಂದೆ ಅಂಗಳ, ಹಿಂದೆ ಹಿತ್ತಲು. ಹಿತ್ತಲಿಲ್ಲದ್ದು ಅವಳ ಪಾಲಿಗೆ ಮನೆಯೇ ಅಲ್ಲ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಆದರೆ ಅದು ಅಂದಿನಿಂದ ನನ್ನನ್ನು ಬಿಟ್ಟೂ ಇಲ್ಲ. ಆಟದ ಚಿತ್ರ ಕಾಗದದ ಹಾಗೆ ಚಪ್ಪಟೆಯಾದ 2ಡಿ ಇರಬೇಕಾ, ಸುತ್ತ ತಿರುಗಿ ನೋಡಬಹುದಾದ 3ಡಿ ಇರಬೇಕಾ ಅಂತ ಎರಡು ವರ್ಷದಿಂದ ಜಗ್ಗಾಡುತ್ತಿದ್ದೆವು. ಆ ಜಗ್ಗಾಟವೇ ಅವತ್ತಿನಿಂದ ನನಗೆ ಬೇರೆ ರೀತಿ ಕಾಣತೊಡಗಿತು.

ನಾವಿಬ್ಬರು, ಒಬ್ಬ ಅಂಚೆಯಣ್ಣ

ನಾವು ಅಂದರೆ ಇಬ್ಬರೇ. ಕೋಡ್ ಮತ್ತು ಕಥೆ ನನ್ನದು. ಚಿತ್ರ ನನ್ನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರದ್ದು. ಅವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು, ತೀರ್ಥಹಳ್ಳಿಯ ಹತ್ತಿರ ಇದ್ದಾರೆ. ನಾನು ಬೆಂಗಳೂರಿನಲ್ಲಿ ಬೇರೆ ಕೆಲಸ ಮಾಡಿಕೊಂಡು, ರಾತ್ರಿ ಮತ್ತು ಭಾನುವಾರ ಇದಕ್ಕೆ ಕೂರುತ್ತೇನೆ. ಮೇಷ್ಟ್ರು ಇವತ್ತಿಗೂ ನಿಬ್ಬು ಅದ್ದಿ ಕಪ್ಪು ಶಾಯಿಯಲ್ಲಿ ಬರೆಯುತ್ತಾರೆ, ಮೇಲೆ ತೆಳುವಾಗಿ ಜಲವರ್ಣ. ಅದನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಹೋದ ವರ್ಷ ಟ್ಯಾಬ್ಲೆಟ್ ತಗೊಂಡು ಅದರಲ್ಲೂ ಕೈ ಪಳಗಿಸಿಕೊಂಡಿದ್ದಾರೆ. ಆದರೂ ಮೊದಲ ಗೆರೆ ಕಾಗದದ ಮೇಲೆಯೇ ಬೀಳಬೇಕು.

ಆಟದ ಕಥೆ ಎಂಬತ್ತರ ದಶಕದ ಒಬ್ಬ ಅಂಚೆಯಣ್ಣನದು. ಒಂದು ಮಳೆಗಾಲ, ದೂರ ದೂರ ಇರುವ ಏಳು ಮನೆ. ಇದು ಆಡುವವರೇ ಒಂದು ಪಾತ್ರವಾಗಿ ನಡೆಯುವ ರೋಲ್-ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ. ಆದರೆ ಕತ್ತಿ, ಯುದ್ಧ ಇಲ್ಲ. ದಿನ ಕಳೆದಂತೆ ಬೆಳೆಯುವುದು ಅವನಿಗಿರುವ ದಾರಿಯ ಪರಿಚಯ ಮತ್ತು ಜನ ಅವನ ಮೇಲಿಡುವ ನಂಬಿಕೆ. ಓದಲು ಬಾರದವರಿಗೆ ಕಾಗದ ಓದಿ ಹೇಳಬೇಕು. ಕೆಟ್ಟ ಸುದ್ದಿಯಿದ್ದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೀರಾ, ಸ್ವಲ್ಪ ಮೃದು ಮಾಡುತ್ತೀರಾ, ಇವತ್ತು ಬೇಡ ಅಂತ ಚೀಲದಲ್ಲೇ ಇಟ್ಟುಕೊಂಡು ವಾಪಸ್ ಬರುತ್ತೀರಾ? ಆಟ ಇರುವುದು ಅಲ್ಲಿ.

ಶುರು ಮಾಡಿದ್ದು 2ಡಿಯಲ್ಲೇ, ಮೇಷ್ಟ್ರ ಚಿತ್ರಗಳನ್ನೇ ಇಟ್ಟುಕೊಂಡು. ಎರಡು ಮನೆ ಮುಗಿದ ಮೇಲೆ ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಅವರು ಚಿತ್ರ ಚೆನ್ನಾಗಿದೆ ಅಂದರು. ಆದರೆ 2ಡಿ ಅಂದರೆ ಜನ ಫೋನಿನ ಆಟ ಅಂದುಕೊಳ್ಳುತ್ತಾರೆ, ದುಡ್ಡು ಕೊಟ್ಟು ಕೊಳ್ಳುವುದಿಲ್ಲ, 3ಡಿ ಮಾಡಿಕೊಂಡು ಬನ್ನಿ ಅಂದರು. ಮನಸ್ಸಿಗೆ ನಾಟಿತು. ಮನೆಗೆ ಬಂದು ಹಾಗೇನಿಲ್ಲ ಅಂತ ನನಗೆ ನಾನೇ ಉದಾಹರಣೆ ಕೊಟ್ಟುಕೊಂಡೆ. ಎರಿಕ್ ಬರೋನ್ ಒಬ್ಬರೇ ನಾಲ್ಕೂವರೆ ವರ್ಷ ಕೂತು ಮಾಡಿದ 'ಸ್ಟಾರ್‌ಡ್ಯೂ ವ್ಯಾಲಿ' 2016ರಲ್ಲಿ ಬಂತು. ಅದು ಪೂರ್ತಿ 2ಡಿ, ಮತ್ತು ಲೋಕವೆಲ್ಲ ಆಡಿತು. 2022ರಲ್ಲಿ ಬಂದ 'ಚೈನ್ಡ್ ಎಕೋಸ್' ಕೂಡ ಹೆಚ್ಚುಕಮ್ಮಿ ಮತ್ತಿಯಾಸ್ ಲಿಂಡಾ ಅನ್ನುವ ಒಬ್ಬರ ಏಳು ವರ್ಷದ ದುಡಿಮೆ. ಉದಾಹರಣೆಗಳು ಸಿಕ್ಕವು, ಸಮಾಧಾನ ಸಿಗಲಿಲ್ಲ. ಯಾಕೆಂದರೆ ಪ್ರಕಾಶಕರ ಮಾತಿಗಿಂತ ದೊಡ್ಡ ಕಷ್ಟ ಇನ್ನೊಂದಿತ್ತು.

ಛತ್ರಿಯ ಲೆಕ್ಕ

ಮಳೆಗಾಲದ ಆಟ ಅಂದಮೇಲೆ ಅಂಚೆಯಣ್ಣನ ತಲೆಗೆ ಏನಾದರೂ ಬೇಕಲ್ವಾ? ಛತ್ರಿ, ಗೊರಬು (ತಲೆ, ಬೆನ್ನು ಮುಚ್ಚುವ ಬಿದಿರು-ಎಲೆಯ ಹೊದಿಕೆ), ಕಂಬಳಿಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ, ಹೀಗೆ ನಾಲ್ಕು. ಯಾವುದೂ ಇಲ್ಲದೆ ನೆನೆಯುತ್ತಾ ಹೋಗುವುದು ಐದನೆಯದು. ಗಾಳಿಗೆ ಛತ್ರಿ ಮಗುಚುತ್ತದೆ, ಗೊರಬು ತೊಟ್ಟರೆ ಕೈ ಎರಡೂ ಖಾಲಿ ಇರುತ್ತವೆ, ಕಂಬಳಿ ನೆನೆದಷ್ಟೂ ಭಾರ. ಯಾವುದನ್ನು ಯಾವ ದಾರಿಗೆ ಒಯ್ಯಬೇಕು ಅನ್ನೋದೇ ಆಟಗಾರನ ಒಂದು ನಿರ್ಧಾರ. ಕೈಯಲ್ಲಿ ಬೆಳಕು ಬೇರೆ: ಏನೂ ಇಲ್ಲ, ಲಾಟೀನು, ಅಥವಾ ಬ್ಯಾಟರಿ.

ಈಗ 2ಡಿಯ ಲೆಕ್ಕ ಹಾಕಿ. ಚಲನೆಯ ಒಂದೊಂದು ಚಿತ್ರಕ್ಕೂ ಫ್ರೇಮ್ ಅನ್ನುತ್ತಾರೆ. ನಿಲ್ಲೋದಕ್ಕೆ 2 ಫ್ರೇಮ್, ನಡೆಯೋದಕ್ಕೆ 6, ಕಾಗದ ಕೊಡೋದಕ್ಕೆ 4, ಕೆಸರಲ್ಲಿ ಜಾರೋದಕ್ಕೆ 4. ಒಟ್ಟು 16. ಮೇಲಿನಿಂದ ನೋಡುವ ಹಳೆಯ ರೀತಿಯ ಆರ್‌ಪಿಜಿಯಲ್ಲಿ ನಾಲ್ಕು ದಿಕ್ಕು ಬೇಕು, ಅಂದರೆ 64. ತಲೆಯ ಮೇಲಿನದು ಐದು ಬಗೆ, ಕೈಯ ಬೆಳಕು ಮೂರು ಬಗೆ. 64ನ್ನು 5ರಿಂದ, ಅದನ್ನು 3ರಿಂದ ಗುಣಿಸಿದರೆ 960 ಚಿತ್ರ. ಒಬ್ಬ ಮನುಷ್ಯನಿಗೆ! ಪದರ ಪದರವಾಗಿ ಬರೆದು, ಮೈ ಒಂದು ಹಾಳೆ, ಗೊರಬು ಒಂದು ಹಾಳೆ, ಲಾಟೀನು ಒಂದು ಹಾಳೆ ಅಂತ ಮೇಲೆ ಮೇಲೆ ಇಟ್ಟರೆ ಗುಣಿಸುವ ಬದಲು ಕೂಡಬಹುದು. ಏಳು ಪದರ, ತಲಾ 64, ಒಟ್ಟು 448. ಅದೂ ಅರವತ್ತು ದಾಟಿದ ಒಬ್ಬರ ಕೈಯಿಂದ, ನಿಬ್ಬಿನ ಗೆರೆಯಲ್ಲಿ. ನಡುವೆ ನಾನು "ಸರ್, ಅವನಿಗೆ ಒಂದು ಊರುಗೋಲು ಕೊಡೋಣವಾ?" ಅಂತ ಕೇಳಿದರೆ ಇನ್ನೂ 64.

2ಡಿ ಅಗ್ಗ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಶುರುವಿಗೆ ಅದು ನಿಜ. ಮೊದಲ ದಿನವೇ ತೆರೆಯ ಮೇಲೆ ಏನಾದರೂ ಕಾಣುತ್ತದೆ. ಆಮೇಲೆ ಮನಸ್ಸು ಬದಲಿಸಿದಾಗಲೆಲ್ಲ ಹೊಸದಾಗಿ ಬೆಲೆ ತೆರಬೇಕು. 3ಡಿಯಲ್ಲಿ ಇದು ತಿರುಗುಮುರುಗು. ಮೊದಲ ಮೂರು ತಿಂಗಳು ತೋರಿಸಲು ಏನೂ ಇರುವುದಿಲ್ಲ. ಮೈ ಕಟ್ಟಬೇಕು, ಅದರ ಚರ್ಮವನ್ನು ಬಿಡಿಸಿ ಹಾಳೆಯ ಹಾಗೆ ಹರಡಿ ಬಣ್ಣ ಹಚ್ಚಬೇಕು, ಒಳಗೆ ಮೂಳೆ ಕೂರಿಸಬೇಕು, ಯಾವ ಮೂಳೆ ಅಲುಗಾಡಿದರೆ ಮೈಯ ಯಾವ ಭಾಗ ಎಷ್ಟು ಎಳೆಯಬೇಕು ಅಂತ ಒಂದೊಂದೇ ಜಾಗಕ್ಕೆ ಹೇಳಿಕೊಡಬೇಕು. ಈ ಕಡೆಯ ಕೆಲಸಕ್ಕೆ ವೆಯ್ಟ್ ಪೇಂಟಿಂಗ್ ಅನ್ನುತ್ತಾರೆ. ನನ್ನ ಅಂಚೆಯಣ್ಣ ಕೈ ಎತ್ತಿದಾಗಲೆಲ್ಲ ಭುಜ ಹಿಂಡಿದ ಬಟ್ಟೆಯ ಹಾಗೆ ಮುರುಟುತ್ತಿತ್ತು. ಅದೊಂದನ್ನು ಸರಿ ಮಾಡಲು ಹನ್ನೊಂದು ರಾತ್ರಿ ಹಿಡಿಯಿತು. ಆದರೆ ಒಮ್ಮೆ ಸರಿಯಾದ ಮೇಲೆ ಛತ್ರಿಯನ್ನು ಕೈಮೂಳೆಗೆ ಕಟ್ಟಿದರೆ ಆಯಿತು. ಎಲ್ಲ ದಿಕ್ಕಿಗೂ, ಎಲ್ಲ ನಡಿಗೆಗೂ ಅದು ಜೊತೆಗೇ ಬರುತ್ತದೆ. ಊರುಗೋಲಿಗೆ ಒಂದು ಸಂಜೆ ಸಾಕು.

ಇಷ್ಟೆಲ್ಲ ಮಾಡಿದ್ದು 3ಡಿ ಚಿತ್ರ ಕಟ್ಟುವ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ. ಅದಕ್ಕೆ ನಾನು ಒಂದು ಪೈಸೆ ಕೊಟ್ಟಿಲ್ಲ. 2002ರಲ್ಲಿ ಅದನ್ನು ಬಳಸುತ್ತಿದ್ದ ಜನ ಸೇರಿ 1,00,000 ಯೂರೋ ಒಟ್ಟುಮಾಡಿ ಅದರ ಕೋಡನ್ನು ಎಲ್ಲರದ್ದಾಗಿ ಬಿಡಿಸಿಕೊಂಡರು. ಯಾರ ಗುರುತೂ ಇಲ್ಲದ ಆ ಜನರನ್ನು ನಾನು ಆ ಹನ್ನೊಂದು ರಾತ್ರಿಗಳಲ್ಲಿ ತುಂಬ ಸಲ ನೆನೆದಿದ್ದೇನೆ. ಅವರಿಲ್ಲದಿದ್ದರೆ ನಮ್ಮಂಥ ಇಬ್ಬರು ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಸ್ಥಿತಿಯಲ್ಲೂ ಇರುತ್ತಿರಲಿಲ್ಲ.

ಐದು ತಿಂಗಳಾದ ಮೇಲೆ 3ಡಿ ಊರು ಓಡಾಡುವ ಹಾಗಾಯಿತು. ಮಳೆ ಬಿತ್ತು. ಲಾಟೀನಿನ ಬೆಳಕು ಗೋಡೆಯ ಮೇಲೆ ತಾನಾಗಿಯೇ ಅಲುಗಾಡಿತು. ಅದನ್ನು ನೋಡಿ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಅದಾದ ವಾರಕ್ಕೆ ಪುಟ್ಟಿ ಬಂದಳು.

ಪರದೆಯ ಹಿಂದೆ

ಹಿತ್ತಲು ಎಲ್ಲಿ ಅಂತ ಅವಳು ಕೇಳಿದ ರಾತ್ರಿ ನನಗೆ ನೆನಪಾದದ್ದು ಒಂದು ತೊಗಲುಗೊಂಬೆ ಆಟ. ನನಗಾಗ ಹತ್ತು ವರ್ಷ. ಅರಸೀಕೆರೆ ಕಡೆ ನಮ್ಮ ಅಜ್ಜಿಯ ಊರು. ಆ ವರ್ಷ ಮಳೆ ಹಿಂದೆ ಬಿದ್ದಿತ್ತು. ಮಳೆ ಬರಲಿ ಅಂತ ಊರವರು ಕರೆಸಿ ಆಡಿಸಿದ ಆಟ. ಕೆರೆ ಏರಿಯ ಕೆಳಗೆ ಬಯಲಲ್ಲಿ ಬಿದಿರು ನೆಟ್ಟು, ಸುತ್ತ ಕಂಬಳಿ ಕಟ್ಟಿ, ಮುಂದೆ ಒಂದು ಬಿಳಿ ಪಂಚೆ ಬಿಗಿದಿದ್ದರು. ಹಿಂದೆಲ್ಲ ಎಣ್ಣೆ ದೀಪ ಇರುತ್ತಿತ್ತಂತೆ. ಅವತ್ತು ಇದ್ದದ್ದು ತೂಗುಬಿಟ್ಟ ಒಂದು ಬಲ್ಬು.

ಗೊಂಬೆಗಳೆಲ್ಲ ಪಕ್ಕಕ್ಕೆ ಮುಖ ಮಾಡಿದವು. ರಾಮ ಬಲಕ್ಕೆ ನೋಡುತ್ತಿದ್ದವನು ಎಡಕ್ಕೆ ತಿರುಗಬೇಕಾದರೆ ಆಡಿಸುವವರು ಕೋಲನ್ನು ಸರಕ್ಕನೆ ಮಗುಚುತ್ತಿದ್ದರು. ಒಂದು ಕ್ಷಣ ರಾಮ ದಾರದಷ್ಟು ತೆಳ್ಳಗಾಗಿ, ಮರುಕ್ಷಣ ಆ ಕಡೆ ತಿರುಗಿರುತ್ತಿದ್ದ. ಬಲಗೈಯಲ್ಲಿದ್ದ ಬಾಣ ಎಡಗೈಗೆ ಹೋಗಿರುತ್ತಿತ್ತು. ಯಾರೂ ಅದನ್ನು ಕೇಳುತ್ತಿರಲಿಲ್ಲ. 2ಡಿ ಆಟಗಳಲ್ಲಿ ನಾವು ಇವತ್ತು ಮಾಡುವುದೂ ಇದನ್ನೇ. ಬಲಕ್ಕೆ ನಡೆಯುವ ಚಿತ್ರವನ್ನು ಕನ್ನಡಿಯಲ್ಲಿ ಹಿಡಿದ ಹಾಗೆ ಮಗುಚಿ ಎಡಕ್ಕೆ ನಡೆಸುತ್ತೇವೆ. ಲಾಟೀನು ಕೈ ಬದಲಿಸುತ್ತದೆ. ಇನ್ನೊಂದು ವಿಷಯ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಕಡೆಯ ತೊಗಲುಗೊಂಬೆಗಳ ಅಳತೆ ಆ ಪಾತ್ರದ ಹಿರಿಮೆಯ ಮೇಲೆ ನಿಂತಿರುತ್ತದೆ. ದೇವರು, ರಾಜರು ದೊಡ್ಡ ಗೊಂಬೆ. ಆಳುಕಾಳು, ಸಾಮಾನ್ಯರು ಚಿಕ್ಕ ಗೊಂಬೆ. ಹತ್ತಿರ ಇದ್ದವರು ದೊಡ್ಡದಾಗಿ, ದೂರ ಇದ್ದವರು ಚಿಕ್ಕದಾಗಿ ಕಾಣಬೇಕು ಅನ್ನುವ ಕ್ಯಾಮೆರಾದ ನಿಯಮ ಅಲ್ಲಿಲ್ಲ.

ನಡುರಾತ್ರಿ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜನ ನಗುತ್ತಿದ್ದಾಗ ನಾನು ಮೆಲ್ಲಗೆ ಎದ್ದು ಪರದೆಯ ಹಿಂದಕ್ಕೆ ಹೋದೆ. ಎಲ್ಲ ಮಕ್ಕಳೂ ಮಾಡುವ ಕೆಲಸ ಅದು. ರಾಮನ ಬೆನ್ನು ಹೇಗಿದೆ ಅಂತ ನೋಡಬೇಕಿತ್ತು. ಬೆನ್ನು ಇರಲಿಲ್ಲ. ತೊಗಲಿಗೆ ಎರಡೂ ಕಡೆ ಒಂದೇ ರೂಪ, ಒಂದೇ ಬಣ್ಣ. ಆದರೆ ಅಲ್ಲಿ ಬೇರೆ ಏನೇನೋ ಇತ್ತು. ಕಾಲು ಮಡಿಸಿ ಕೂತು ಹಾಡುತ್ತಿದ್ದ ಒಬ್ಬ ಹೆಂಗಸು, ಅವರ ತೊಡೆಗೆ ಒರಗಿ ನಿದ್ದೆಹೋದ ಮಗು, ಸರದಿಗೆ ಕಾಯುತ್ತಾ ಹಗ್ಗದ ಮೇಲೆ ಜೋತುಬಿದ್ದ ರಾವಣ, ಮೂಲೆಯಲ್ಲಿ ಬೋಸಿ, ಲೋಟ. ಆ ಹೆಂಗಸು ನನ್ನನ್ನು ನೋಡಿದರು. ಹಾಡು ನಿಲ್ಲಿಸದೆ, ಕಣ್ಣಲ್ಲೇ ಕೂರು ಅಂದರು. ಆಟ ಮುಗಿಯುವ ತನಕ ಅಲ್ಲೇ ಕೂತಿದ್ದೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ ಪದ್ಮಶ್ರೀ ಬಂತು. ಪತ್ರಿಕೆಯಲ್ಲಿ ಆ ಹಿರಿಯರ ಫೋಟೊ ನೋಡಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ನನಗೆ ಕೂರಲು ಹೇಳಿದ ಆ ಹೆಂಗಸಿನ ಮುಖ.

ಪುಟ್ಟಿ ಮಾಡಿದ್ದೂ ನಾನು ಅವತ್ತು ಮಾಡಿದ್ದನ್ನೇ. ಹಿಂದೆ ಏನಿದೆ ಅಂತ ನೋಡಲು ಹೋದಳು. ನನಗೆ ಅಲ್ಲಿ ಒಂದು ಸಂಸಾರ ಸಿಕ್ಕಿತು. ಅವಳಿಗೆ ಬೂದು ಬಣ್ಣ ಸಿಕ್ಕಿತು. ಇದರಲ್ಲಿ ನನ್ನನ್ನು ಕಾಡಿದ್ದು ಏನೆಂದರೆ, ಅವಳನ್ನು ಹಿಂದಕ್ಕೆ ಕರೆದದ್ದು ನಾನೇ. 3ಡಿ ಮನೆ ಕಟ್ಟಿ, ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟಾಗಲೇ ನಾನೊಂದು ಮಾತು ಕೊಟ್ಟ ಹಾಗಾಯಿತು: ಎಲ್ಲಿ ಬೇಕಾದರೂ ಹೋಗು, ಎಲ್ಲ ಕಡೆ ಏನಾದರೂ ಇದೆ. ಏಳು ಮನೆಗೆ ಏಳು ಹಿತ್ತಲು, ನಡುವಿನ ಸಂಕ (ಕಾಲುಸೇತುವೆ), ತೋಟ, ಗದ್ದೆ, ಪ್ರತಿ ಮರದ ನಾಲ್ಕೂ ಕಡೆ. ಇಬ್ಬರಿಂದ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಚಿತ್ರ ಬರೆದು ಮುಂದಿಟ್ಟರೆ ಕೊಡುವ ಮಾತು ಬೇರೆ. ಇಲ್ಲಿ ಕೂರು, ನಾನು ತೋರಿಸಿದ್ದನ್ನು ನೋಡು, ಅದರಲ್ಲಿ ನೋಡುವಂಥದ್ದು ಇದೆ. ಅದನ್ನು ಉಳಿಸಿಕೊಳ್ಳುವುದೂ ಸುಲಭವಲ್ಲ. ಆದರೆ ಮೇಷ್ಟ್ರ ಕೈಗೆ ಅದು ಸಾಧ್ಯ ಇದೆ ಅಂತ ನನಗೆ ಗೊತ್ತಿತ್ತು.

ನಡುವಿನ ದಾರಿಗಳು

ಅಷ್ಟಕ್ಕೇ 3ಡಿಯನ್ನು ಬಿಟ್ಟುಬಿಡಲಿಲ್ಲ. ಲಾಟೀನಿನ ಬೆಳಕು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಮೇಷ್ಟ್ರು ಫೋನಿನಲ್ಲಿ ಒಂದು ಮಾತು ಹೇಳಿದರು. "ಉಪ್ಪಿನಕುದ್ರು ಗೊಂಬೆ ನೋಡಿದ್ದೀಯಲ್ಲ ಮಾರಾಯ, ಅದಕ್ಕೆ ಬೆನ್ನೂ ಉಂಟು, ಹಿತ್ತಲಿಲ್ಲ." ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ನಡೆಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯಾಟ ಅದು. ಮರದ ಗೊಂಬೆ, ಮೇಲಿಂದ ಇಳಿಬಿಟ್ಟ ಸೂತ್ರ, ಕೀಲು ಕೀಲಿಗೂ ಚಲನೆ. ಪೂರ್ತಿ 3ಡಿ. ಆದರೆ ನೋಡುವವರು ರಂಗದ ಮುಂದೆಯೇ ಕೂರುತ್ತಾರೆ. ಅಂದರೆ ಕ್ಯಾಮೆರಾವನ್ನು ಒಂದೇ ಕಡೆ ಕಟ್ಟಿಹಾಕಿದರೆ 3ಡಿಯಲ್ಲೂ ಹಿತ್ತಲು ಮಾಡಬೇಕಿಲ್ಲ.

ದೊಡ್ಡವರೂ ಇದನ್ನು ಮಾಡಿದ್ದಾರೆ. 1997ರ 'ಫೈನಲ್ ಫ್ಯಾಂಟಸಿ 7'ರಲ್ಲಿ ಓಡಾಡುವ ಜನ 3ಡಿ, ಅವರ ಹಿಂದಿನ ಊರು ಮೊದಲೇ ಮಾಡಿಟ್ಟ ಚಿತ್ರ. ಕ್ಯಾಮೆರಾ ತಿರುಗುವುದಿಲ್ಲ, ಹಾಗಾಗಿ ಚಿತ್ರದ ಆಚೆ ಏನೂ ಬೇಡ. ಆ ಆಟದ ಚಿತ್ರಗಳು ಇವತ್ತಿಗೂ ಸೊಗಸಾಗಿವೆ, ಆದರೆ ಆ 3ಡಿ ಮನುಷ್ಯರ ಕೈ ಮಾತ್ರ ಇಟ್ಟಿಗೆ ತುಂಡಿನ ಹಾಗೆ ಕಾಣುತ್ತದೆ. ಅದಕ್ಕಿಂತ ಮೂರು ವರ್ಷ ಹಳೆಯದಾದ, ಅದೇ ಸರಣಿಯ 6ನೇ ಆಟದ ಪುಟ್ಟ 2ಡಿ ಬೊಂಬೆಗಳು ನನ್ನ ಕಣ್ಣಿಗೆ ಹಳತಾಗಿಲ್ಲ. 2018ರ 'ಆಕ್ಟೋಪಾತ್ ಟ್ರಾವೆಲರ್' ಇದನ್ನೇ ಉಲ್ಟಾ ಮಾಡಿತು. ಊರು 3ಡಿ, ಬೆಳಕು 3ಡಿ, ಮನುಷ್ಯರು ಮಾತ್ರ ಚುಕ್ಕಿ ಚುಕ್ಕಿಯ ಚಪ್ಪಟೆ ಬೊಂಬೆ. ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ'. ಅದು ಆರ್‌ಪಿಜಿ ಅಲ್ಲ, ಜಿಗಿದು ಹೋರಾಡುವ ಆಟ. ಅದರ ಕೋಟೆ ಕೊತ್ತಲ ಎಲ್ಲ 3ಡಿ. ಆದರೆ ಕಥೆ ಹೇಳುವ ಹೊತ್ತಿಗೆ ತೆರೆ ತೊಗಲುಗೊಂಬೆಯ ಪರದೆಯಾಗುತ್ತದೆ. ಓಡಲು ಒಂದು, ಹೇಳಲು ಇನ್ನೊಂದು. ನನಗೆ ತುಂಬ ಇಷ್ಟವಾದ ಆಯ್ಕೆ ಅದು.

ನಾನೂ ಎರಡು ದಾರಿ ಹಿಡಿದು ನೋಡಿದೆ. ಮೊದಲನೆಯದು ಫ್ರಾನ್ಸಿನ ಮೋಷನ್ ಟ್ವಿನ್ ತಂಡ 'ಡೆಡ್ ಸೆಲ್ಸ್'ನಲ್ಲಿ ಮಾಡಿದ್ದು. 3ಡಿಯಲ್ಲಿ ಮೈ ಕಟ್ಟಿ, ನಡೆಸಿ, ಅದರ ಒಂದೊಂದು ಭಂಗಿಯನ್ನೂ ಚಿಕ್ಕ 2ಡಿ ಚಿತ್ರವಾಗಿ ತೆಗೆದಿಟ್ಟುಕೊಳ್ಳುವುದು. ಛತ್ರಿಯ ಲೆಕ್ಕಕ್ಕೆ ಇದು ಸರಿಯಾದ ಮದ್ದು. ಎರಡು ವಾರದಲ್ಲಿ ಅಂಚೆಯಣ್ಣನ ಎಲ್ಲ ಫ್ರೇಮ್ ಕಂಪ್ಯೂಟರೇ ತೆಗೆದುಕೊಟ್ಟಿತು. ನಡಿಗೆ ನುಣುಪಾಗಿತ್ತು. ವಿಡಿಯೋ ಮಾಡಿ ಮೇಷ್ಟ್ರಿಗೆ ಕಳಿಸಿದೆ. ಒಂದು ಗಂಟೆ ಬಿಟ್ಟು ಫೋನ್ ಮಾಡಿದರು.

"ಚಂದ ನಡೀತಾನೆ. ಆದ್ರೆ ಒದ್ದೆ ಚಪ್ಪಲಿ ಹಾಕಿ ನಡೆಯೋನ ನಡಿಗೆ ಅಲ್ಲ ಇದು."

ಅವರ ಆರು ಫ್ರೇಮ್‌ಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಮೂರನೆಯದರಲ್ಲಿ ಹಿಂದಿನ ಕಾಲು ಇರಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ನೆಲಕ್ಕೆ ಅಂಟಿಕೊಂಡಿದೆ. ಹೆಬ್ಬೆರಳು ಚಪ್ಪಲಿಯ ಉಂಗುಷ್ಟವನ್ನು ಕಚ್ಚಿ ಹಿಡಿದಿದೆ. ಕೆಸರಿನಿಂದ ಕಾಲು ಕೀಳುವ ಆ ಎಳೆತ ಅಷ್ಟರಲ್ಲೇ ಇದೆ. ಇದನ್ನು 3ಡಿಯಲ್ಲಿ ತರಲಾಗದು ಅಂತಲ್ಲ. 2014ರಲ್ಲಿ ಬಂದ 'ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ' ಅನ್ನುವ ಜಪಾನಿನ ಹೊಡೆದಾಟದ ಆಟ ಪೂರ್ತಿ 3ಡಿ. ಆದರೂ ಕೈಯಲ್ಲಿ ಬರೆದ ಹಾಗೇ ಕಾಣುತ್ತದೆ. ಅದಕ್ಕಾಗಿ ಅವರು ಕಂಪ್ಯೂಟರ್ ತುಂಬಿಕೊಡುವ ನಡುನಡುವಿನ ಚಲನೆಯನ್ನೆಲ್ಲ ತೆಗೆದು, ಭಂಗಿಯಿಂದ ಭಂಗಿಗೆ ನೇರ ಹಾರಿಸಿದರು. ನೆರಳು ಎಲ್ಲಿ ಬೀಳಬೇಕು ಅನ್ನೋದನ್ನೂ ಕೈಯಾರೆ ತಿದ್ದಿದರು. ಅಂದರೆ ಅಲ್ಲೂ ಕೊನೆಗೆ ಬೇಕಾಗಿದ್ದು ಚಿತ್ರಗಾರರ ಕೈ. ಆ ಕೈಗೆ ಬ್ಲೆಂಡರಿನಂಥದ್ದು ನೀರು ಕುಡಿದಷ್ಟು ಸಲೀಸಾಗಿರಬೇಕು. ನಮ್ಮಲ್ಲಿ ಬ್ಲೆಂಡರ್ ಗೊತ್ತಿರುವ ಕೈ ನನ್ನದು, ಗೆರೆ ಗೊತ್ತಿರುವ ಕೈ ಮೇಷ್ಟ್ರದ್ದು. ಅವು ಎರಡು ಬೇರೆ ಊರಲ್ಲಿವೆ.

ಎರಡನೆಯದು ಕ್ಯಾಮೆರಾ ಕಟ್ಟಿಹಾಕಿದ 3ಡಿ. ಅದರಲ್ಲಿ ತೊಡಕಾದದ್ದು ಅಜ್ಜಿ.

ಎಷ್ಟು ದೊಡ್ಡ ಅಜ್ಜಿ

ಮೇಷ್ಟ್ರು ಮೊದಲು ಬರೆದ ಚಿತ್ರದಲ್ಲಿ ಅಜ್ಜಿ ಅಂಚೆಯಣ್ಣನ ಒಂದೂವರೆ ಪಟ್ಟು ಇದ್ದಾಳೆ. ಕೂತಿದ್ದರೂ ಅವಳ ತುರುಬು ಬಾಗಿಲಿನ ಮೇಲ್ಪಟ್ಟಿಯನ್ನು ಮುಟ್ಟುತ್ತದೆ. ಎದ್ದು ನಿಂತರೆ ಮಾಡು ಹಾರಿಹೋಗಬೇಕು. ಮೊದಲ ಸಲ ನೋಡಿದಾಗ ನಾನು ಅಳತೆ ತಪ್ಪಿದೆ ಅಂದಿದ್ದೆ. "ತಪ್ಪಿಲ್ಲ. ಆ ಮನೆಗೆ ಅವಳೇ ದೊಡ್ಡೋಳು" ಅಂದರು. ಅಷ್ಟೇ. ಅವರಿಗೆ ತೊಗಲುಗೊಂಬೆಯ ಅಳತೆಯ ವಿಷಯ ನಾನು ಹೇಳಿರಲಿಲ್ಲ, ಅವರೂ ಹೇಳಲಿಲ್ಲ.

3ಡಿಯಲ್ಲಿ ನಾನು 'ಸರಿ ಅಳತೆ'ಗೆ ಮಾಡಿದೆ. ನಾಲ್ಕು ಅಡಿ ಹತ್ತು ಇಂಚಿನ ಮುದುಕಿ, ಒಂಬತ್ತು ಅಡಿಯ ಜಗಲಿ. ಕ್ಯಾಮೆರಾ ಅಂಚೆಯಣ್ಣನ ಬೆನ್ನ ಹಿಂದೆ. ಹತ್ತಿರವಿದ್ದ ಅವನು ತೆರೆಯ ಅರ್ಧ ತುಂಬಿಕೊಂಡ. ಅಜ್ಜಿ ಅವನ ಭುಜದಾಚೆ ಒಂದು ಗಂಟಿನ ಹಾಗೆ ಕಂಡಳು. ಮಗ ಸತ್ತ ಸುದ್ದಿಯ ಕಾಗದ ಅವನ ಚೀಲದಲ್ಲಿದೆ. ಅವಳೆದುರು ಅವನು ಕುಗ್ಗಬೇಕಾದ ಗಳಿಗೆ ಅದು. ಕ್ಯಾಮೆರಾ ಎಲ್ಲವನ್ನೂ ಅದರ ಪಾಡಿಗೆ ಅಳೆದು, ಅವನನ್ನೇ ದೊಡ್ಡವನನ್ನಾಗಿ ಮಾಡಿತ್ತು. ಅಜ್ಜಿಯನ್ನು ದೊಡ್ಡದು ಮಾಡಿ ನೋಡಿದೆ. ಆಗ ಅವಳು ಕಥೆಯ ರಾಕ್ಷಸಿಯಾದಳು. ಸುತ್ತ ಎಲ್ಲವೂ ಅಳತೆಗೆ ಸರಿಯಾಗಿರುವಾಗ ಒಬ್ಬಳು ಮಾತ್ರ ದೊಡ್ಡವಳಾದರೆ ಕಣ್ಣು ಅದನ್ನು ಒಪ್ಪುವುದಿಲ್ಲ. ಗೆರೆಯ ಚಿತ್ರದಲ್ಲಿ ಏಕೆ ಒಪ್ಪುತ್ತದೆ? ಅಲ್ಲಿ ಎಲ್ಲವನ್ನೂ ಒಬ್ಬರು ಹೇಳುತ್ತಿದ್ದಾರೆ ಅಂತ ನೋಡುವವರಿಗೆ ಮೊದಲೇ ಗೊತ್ತಿರುತ್ತದೆ ಅಂತ ನನಗನ್ನಿಸುತ್ತದೆ. ಹೇಳುವವರು ಅಜ್ಜಿ ದೊಡ್ಡೋಳು ಅಂದರೆ ದೊಡ್ಡೋಳು.

ನನಗೆ ಆ ರಾತ್ರಿಯೇ ಮನಸ್ಸು ಗಟ್ಟಿಯಾಯಿತು. ಯಾವುದು ಚಂದ, ಯಾವುದು ಅಗ್ಗ, ಯಾವುದು ಜಾಸ್ತಿ ಮಾರಾಟವಾಗುತ್ತದೆ ಅಂತ ಎರಡು ವರ್ಷ ಕೇಳಿಕೊಂಡಿದ್ದೆ. ನಮ್ಮ ಆಟಕ್ಕೆ ಕೇಳಬೇಕಿದ್ದದ್ದು, ಇಲ್ಲಿ ಅಜ್ಜಿಯ ಅಳತೆಯನ್ನು ಹೇಳುವವರು ಯಾರು ಅಂತ. ನೀವು ಮಾಡುತ್ತಿರುವುದು ಕಾಡಿನಲ್ಲಿ ದಾರಿ ತಪ್ಪಿ ಅಲೆಯುವ ಆಟವಾಗಿದ್ದರೆ, ಪ್ರತಿ ಮರದ ಹಿಂದೆ ಇಣುಕುವುದೇ ಸುಖವಾಗಿದ್ದರೆ, ಎರಡನೇ ಮಾತಿಲ್ಲದೆ 3ಡಿಗೆ ಹೋಗಿ. ಆ ಅಲೆದಾಟವನ್ನು ಗೆರೆಯಲ್ಲಿ ಬರೆಯಲಾಗದು.

ಬಚ್ಚಲ ಹೊಗೆ

2ಡಿಗೆ ವಾಪಸ್ ಬಂದೆವು. ಆದರೆ ಬಿಟ್ಟುಹೋದ ಜಾಗಕ್ಕೇ ಬರಲಿಲ್ಲ. ಮೊದಲಿದ್ದ ಮೇಲಿನಿಂದ ನೋಡುವ ನಾಲ್ಕು ದಿಕ್ಕಿನ ಆಟವನ್ನು ಬಿಟ್ಟೆವು. ಈಗ ಅಂಚೆಯಣ್ಣ ತೊಗಲುಗೊಂಬೆಯ ಹಾಗೆ ಪಕ್ಕಕ್ಕೆ ಮಾತ್ರ ನಡೆಯುತ್ತಾನೆ. 16 ಫ್ರೇಮ್, ಏಳು ಪದರ, ಒಟ್ಟು 112 ಚಿತ್ರ. ಎಡಕ್ಕೆ ತಿರುಗಿದಾಗ ಚಿತ್ರ ಮಗುಚುತ್ತದೆ, ಲಾಟೀನು ಕೈ ಬದಲಿಸುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಒಳಕ್ಕೆ ಹೋಗಬೇಕಾದರೆ ಬಾಗಿಲು, ಉಣಗೋಲು, ಸಂಕ. ದಾಟಿದರೆ ಇನ್ನೊಂದು ಚಿತ್ರ ತೆರೆದುಕೊಳ್ಳುತ್ತದೆ. ಲಾಟೀನಿನ ಬೆಳಕಿಗಾಗಿ ಮಾತ್ರ ತುಂಬ ಒದ್ದಾಡುತ್ತಿದ್ದೇವೆ. ಗೋಡೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಎಂಜಿನ್‌ಗೆ ತಿಳಿಸುವ ಇನ್ನೊಂದು ಚಿತ್ರವನ್ನು ಪ್ರತಿ ಗೋಡೆಗೂ ಮಾಡಬೇಕು. ಆಗ ಗೊಡೋ ಅನ್ನುವ ಎಂಜಿನ್ ಚಪ್ಪಟೆ ಚಿತ್ರದ ಮೇಲೂ ಬೆಳಕನ್ನು ಜಾರಿಸುತ್ತದೆ. 3ಡಿಯಲ್ಲಿ ಕಂಡ ಆ ಮೊದಲ ರಾತ್ರಿಯ ಬೆಳಕಿನಷ್ಟು ಇದು ಬಂದಿಲ್ಲ. ಅದರ ಬೇಸರ ನನಗೆ ಇನ್ನೂ ಇದೆ.

ಮೊದಲ ಮನೆಗೆ ಮೇಷ್ಟ್ರು ಹಿತ್ತಲು ಬರೆದರು. ಏಳರಲ್ಲಿ ಒಂದಕ್ಕೆ ಮಾತ್ರ, ಅಜ್ಜಿಯ ಮನೆಗೆ. ಅಲ್ಲಿ ಕಥೆಯ ಯಾವ ಕೆಲಸವೂ ಇಲ್ಲ, ಕಾಗದ ಕೊಡಲು ಯಾರೂ ಇಲ್ಲ. ಇಪ್ಪತ್ತು ದಿನ ತಗೊಂಡರು. ನಡುವೆ ಫೋನ್ ಮಾಡಿ "ಹಂಡೆಯ ಒಲೆಬಾಯಿ ಹೊರಗಿನಿಂದಲಾ, ಒಳಗಿನಿಂದಲಾ?" ಅಂತ ಕೇಳಿದರು. ನಾನು ಅಮ್ಮನನ್ನು ಕೇಳಿದೆ. ಅಮ್ಮ ಹೊರಗಿನಿಂದ ಅಂದಳು, ಸೌದೆಯ ಹೊಗೆ ಬಚ್ಚಲಲ್ಲಿ ತುಂಬಬಾರದು ನೋಡು ಅಂದಳು. ಚಿತ್ರ ಬಂತು. ಒಟ್ಟಿದ ಸೌದೆಗೆ ಹೊದಿಸಿದ ಹಾಳೆ, ಬಚ್ಚಲ ನೀರಿಗೆ ಸೊಕ್ಕಿದ ಕೆಸುವು, ಮಾಡಿನಡಿ ಕಟ್ಟಿದ ಹಗ್ಗದಲ್ಲಿ ಮೂರು ದಿನದಿಂದ ಒಣಗದ ಸೀರೆ, ಬಟ್ಟೆ ಒಗೆಯುವ ಕಲ್ಲು. ಹೆಂಚಿನ ಸಂದಿಯಿಂದ ಮೇಲೇಳುವ ಹೊಗೆಗೆ ನಾನು ನಾಲ್ಕು ಸಾಲು ಕೋಡ್ ಬರೆದೆ.

ಪುಟ್ಟಿ ಬೇಸಿಗೆ ರಜೆಗೆ ಮತ್ತೆ ಬಂದಳು. ಆಟ ತೆರೆದ ಕೂಡಲೇ ಅಜ್ಜಿಯನ್ನು ದಾಟಿ, ಪಕ್ಕದ ಉಣಗೋಲು ಸರಿಸಿ ಹಿತ್ತಲಿಗೆ ಹೋದಳು. ಅಂಚೆಯಣ್ಣನನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆಸಿದಳು. ಹೊಗೆಯ ಹತ್ತಿರ ನಿಲ್ಲಿಸಿದಳು. "ನೀರು ಕಾದಿದೆ" ಅಂದಳು, ತನಗೆ ತಾನೇ. ಆಮೇಲೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಎಲ್ಲ ಬಟನ್ ಒತ್ತಿ ನೋಡಿದಳು.

"ಮಾಮ, ಇವನನ್ನ ಕೂರಿಸೋದು ಹೇಗೆ? ಸುಸ್ತಾಗಿದೆ ಅವನಿಗೆ."

ಕೂರುವ ಫ್ರೇಮ್ ನಾವು ಬರೆದಿರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ, ಕಲ್ಲಿನ ಮೇಲೆ ಕೂರಲು ಎಷ್ಟು ಚಿತ್ರ ಬೇಕಾಗಬಹುದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ಸಾಕು" ಅಂದರು. ನಾಲ್ಕು ದಿನಕ್ಕೆ ಸ್ಕ್ಯಾನ್ ಬಂತು. ಮೊದಲನೆಯದರಲ್ಲಿ ಅಂಚೆಯಣ್ಣ ಕಲ್ಲನ್ನು ಕೈಯಿಂದ ಒರೆಸುತ್ತಿದ್ದಾನೆ. ಎರಡನೆಯದರಲ್ಲಿ ಮೊಣಕಾಲು ಹಿಡಿದು ಕೂರುತ್ತಿದ್ದಾನೆ. ಮೂರನೆಯದರಲ್ಲಿ ಚೀಲವನ್ನು ಹೆಗಲಿಂದ ಇಳಿಸಿ, ನೆನೆಯದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ.